ಇವತ್ತು ರಾತ್ರಿ ಯಾವ ಕುಂಗ್‌ಫು ಪಿಕ್ಚರ್? ಹಾರುವ ಗಿಲೊಟಿನ್‌ನಿಂದ ಕುಡುಕ ಗುರುವಿನ ತನಕ

ಶನಿವಾರ ರಾತ್ರಿ ಊಟ ಆಗಿದೆ. ನಾಲ್ಕು ಜನ ಸೋಫಾ ಮೇಲೆ, ಇಬ್ಬರು ಚಾಪೆ ಮೇಲೆ. "ಹಳೇ ಕುಂಗ್‌ಫು ಪಿಕ್ಚರ್ ಒಂದು ಹಾಕೋ, ಸಖತ್ತಾಗಿ ನಗಬಹುದು" ಅಂತ ಯಾರೋ ಶುರು ಮಾಡುತ್ತಾರೆ. ನಮ್ಮ ಮನೆಯಲ್ಲಿ ಈ ಮಾತು ಬಂದ ಕೂಡಲೇ ರಿಮೋಟ್ ನನ್ನ ಕೈಗೆ ಬರುತ್ತದೆ. ಇಪ್ಪತ್ತು ವರ್ಷದಿಂದ ನನಗೆ ಈ ಹುಚ್ಚು ಇರೋದು ಎಲ್ಲರಿಗೂ ಗೊತ್ತು. ಆದರೆ ಕಷ್ಟ ಶುರುವಾಗೋದೇ ಆಮೇಲೆ. ಹಾಂಗ್‌ಕಾಂಗ್‌ನವರು 1970ರ ದಶಕದಲ್ಲಿ ಇಂಥ ಪಿಕ್ಚರ್ ನೂರಾರು ತೆಗೆದು ಗುಡ್ಡೆ ಹಾಕಿದ್ದಾರೆ. ಎಲ್ಲವೂ ಅತಿಯೇ. ಆದರೆ ಅತಿಯಲ್ಲೂ ಜಾತಿಗಳಿವೆ. ಒಂದರಲ್ಲಿ ಆಯುಧ ಅತಿ, ಒಂದರಲ್ಲಿ ಅಭ್ಯಾಸ ಅತಿ, ಇನ್ನೊಂದರಲ್ಲಿ ರಕ್ತ ಅತಿ. ಜನ ನೋಡದೆ ತಪ್ಪು ಪಿಕ್ಚರ್ ಹಾಕಿದರೆ ಅರ್ಧ ಗಂಟೆಯಲ್ಲಿ ಎಲ್ಲರ ಮುಖವೂ ಫೋನಿನೊಳಗೆ.

ಆಯ್ಕೆಗೆ ಮುಂಚೆ ಒಂದು ಮಾತು. ಬರೀ ಗೇಲಿ ಮಾಡೋಕೆ ಅಂತ ಕೂತರೆ ಇವು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಓಡುವುದಿಲ್ಲ. ಯಕ್ಷಗಾನ ನೋಡುವ ಕಣ್ಣು ಬೇಕು. ರಂಗಸ್ಥಳದಲ್ಲಿ ಅರ್ಜುನ ಎರಡು ಸುತ್ತು ತಿರುಗಿದರೆ ಕಾಡು ದಾಟಿದ ಲೆಕ್ಕ. ರಥ ಎಲ್ಲಿ, ಕುದುರೆ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಕುಣಿತ ಹೇಗಿತ್ತು ಅಂತ ಕೇಳುತ್ತಾರೆ. ಈ ಪಿಕ್ಚರ್‌ಗಳ ಬೇರೂ ರಂಗದಲ್ಲೇ ಇದೆ. ಜಾಕಿ ಚಾನ್, ಸಮ್ಮೊ ಹಂಗ್, ಯುಯೆನ್ ಬಿಯಾವೊ, ಈ ಮೂವರು ಹೊಡೆದಾಟದ ನಟರೂ ಹಾಂಗ್‌ಕಾಂಗ್‌ನ ಒಂದೇ ಪೀಕಿಂಗ್ ಒಪೆರಾ (ಚೀನಾದ ಹಾಡು-ಕುಣಿತದ ರಂಗಕಲೆ) ಶಾಲೆಯಲ್ಲಿ, ಯು ಜಿಮ್-ಯುಯೆನ್ ಎಂಬ ಗುರುಗಳ ಕೈಕೆಳಗೆ ಪಲ್ಟಿ ಹೊಡೆಯುತ್ತ ಬೆಳೆದವರು. ಕತ್ತಿ ಹಿಡಿದವನು ಹೊಡೆಯುವ ಮುಂಚೆ ಒಂದು ಕ್ಷಣ ಹಾಗೇ ಭಂಗಿಯಲ್ಲಿ ನಿಲ್ಲುತ್ತಾನಲ್ಲ, ಅದು ಅಲ್ಲಿಂದ ಬಂದದ್ದು.

ಕುರುಡ, ಒಂಟಿಗೈ, ಮತ್ತು ಒಂದು ಟೋಪಿ

ಆರು ಜನ ಗಲಾಟೆ ಮಾಡುತ್ತ ನೋಡೋದಾದರೆ ಬೇರೆ ಯೋಚನೆ ಬೇಡ. 1976ರ 'ಮಾಸ್ಟರ್ ಆಫ್ ದಿ ಫ್ಲೈಯಿಂಗ್ ಗಿಲೊಟಿನ್' ಹಾಕಿ. ನಿರ್ದೇಶಕರೂ ಜಿಮ್ಮಿ ವಾಂಗ್ ಯು, ಹೀರೋನೂ ಅವರೇ. 1967ರಲ್ಲಿ ಒಂದು ಕೈ ಕಳೆದುಕೊಂಡ ಕತ್ತಿವೀರನ ಪಾತ್ರ ಮಾಡಿ ಅವರು ಗೆದ್ದಿದ್ದರು. ಅಲ್ಲಿಂದ ಒಂಟಿಗೈ ಅವರಿಗೆ ಅಂಟಿಕೊಂಡುಬಿಟ್ಟಿತು. ಮನುಷ್ಯನಿಗೆ ಎರಡೂ ಕೈ ಗಟ್ಟಿಮುಟ್ಟಾಗಿವೆ, ಪಾಪ, ಒಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡೇ ಹೊಡೆದಾಡಬೇಕು.

ಇದು 1972ರ 'ಒನ್-ಆರ್ಮ್ಡ್ ಬಾಕ್ಸರ್' ಪಿಕ್ಚರಿನ ಮುಂದಿನ ಭಾಗ. ಮೊದಲನೆಯದನ್ನು ನೋಡಿರಲೇಬೇಕು ಅಂತೇನೂ ಇಲ್ಲ. ಕಥೆ ಒಂದೇ ಸಾಲಿನದು. ಹಿಂದಿನ ಪಿಕ್ಚರಿನಲ್ಲಿ ಒಂಟಿಗೈಯವನು ಇಬ್ಬರನ್ನು ಕೊಂದಿದ್ದ. ಅವರ ಗುರು ಒಬ್ಬ ಕುರುಡ. ಪಾರಿವಾಳ ಸುದ್ದಿ ತರುತ್ತದೆ, ಗುರುವಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ನೀವು ನಾವು ಬಾಗಿಲು ದಢಾರಂತ ಹಾಕಿಕೊಂಡು ಹೊರಗೆ ಹೋಗುತ್ತೇವೆ. ಇವನು ಚಾವಣಿ ಒಡೆದುಕೊಂಡು ಮೇಲಕ್ಕೆ ಹಾರುತ್ತಾನೆ.

ಅವನ ಆಯುಧವೇ ಪಿಕ್ಚರಿನ ನಿಜವಾದ ಹೀರೋ. ನೋಡೋಕೆ ಒಂದು ಟೋಪಿ ಥರ. ಅಂಚಿಗೆ ಬ್ಲೇಡುಗಳು, ತುದಿಗೆ ಉದ್ದ ಸರಪಳಿ. ಎಸೆದರೆ ಎದುರಿನವನ ತಲೆ ಮೇಲೆ ಸರಿಯಾಗಿ ಕೂರುತ್ತದೆ. ಸರಪಳಿ ಎಳೆದರೆ ತಲೆ ಟೋಪಿಯ ಜೊತೆಗೇ ವಾಪಸ್, ತೆಂಗಿನಕಾಯಿ ಕಿತ್ತ ಹಾಗೆ. ಚಿಂಗ್ ವಂಶದ ಯೊಂಗ್‌ಜೆಂಗ್ ಚಕ್ರವರ್ತಿಯ ಗುಪ್ತ ಹಂತಕರ ಹತ್ತಿರ ಇಂಥದ್ದೊಂದು ಇತ್ತು ಅಂತ ಚೀನಾದಲ್ಲಿ ದಂತಕಥೆ ಇದೆ. ಪಿಕ್ಚರಿನವರು ಆ ದಂತಕಥೆಯನ್ನು ಹಿಡಿದು ಜಗ್ಗಿದ್ದಾರೆ, ಅಷ್ಟೇ.

ಕುರುಡನಿಗೆ ಗೊತ್ತಿರೋದು ಒಂದೇ: ಶತ್ರುವಿಗೆ ಒಂದು ಕೈ ಇಲ್ಲ. ಹಾಗಾಗಿ ದಾರಿಯಲ್ಲಿ ಒಂದು ಕೈ ಇಲ್ಲದವನು ಯಾರೇ ಸಿಕ್ಕಲಿ, ತಲೆ ಹೋಯಿತು. ಹೋಟೆಲಿನಲ್ಲಿ ಒಬ್ಬ ಒಂಟಿಗೈಯವನು "ನಾನೇ ಆ ಬಾಕ್ಸರ್" ಅಂತ ಜಂಬ ಕೊಚ್ಚಿಕೊಳ್ಳುತ್ತಾನೆ. ಮುಂದೇನು ಅಂತ ನಿಮಗೇ ಗೊತ್ತಾಗಿರಬೇಕು.

ಮಧ್ಯದಲ್ಲಿ ಒಂದು ದೊಡ್ಡ ಕುಸ್ತಿ ಪಂದ್ಯಾವಳಿ ಬರುತ್ತದೆ. ಹೀರೋ ಅದರಲ್ಲಿ ಭಾಗವಹಿಸುವುದೇ ಇಲ್ಲ! ಶಿಷ್ಯರ ಜೊತೆ ಪ್ರೇಕ್ಷಕನಾಗಿ ಕೂತು ನೋಡುತ್ತಾನೆ, ನಮ್ಮ ಹಾಗೇ. ಒಬ್ಬರಾದ ಮೇಲೊಬ್ಬರು ಜಟ್ಟಿಗಳು ಬರುತ್ತಾರೆ, ಒಬ್ಬೊಬ್ಬರದು ಒಂದೊಂದು ವರಸೆ. ಥಾಯ್ಲೆಂಡಿನ ಬಾಕ್ಸರ್, ಜಪಾನಿನವನು, ಮತ್ತು ನಮ್ಮ ದೇಶದ ಒಬ್ಬ ಯೋಗಿ. ಈ ಯೋಗಿ ತಲೆಗೆ ಪೇಟ ಸುತ್ತಿದ್ದಾನೆ, ಮೈಗೆ ಕಂದು ಬಣ್ಣ ಬಳಿದುಕೊಂಡ ಚೀನೀ ನಟ. ಹೊಡೆದಾಟದ ಮಧ್ಯೆ ಇವನ ಕೈ ಉದ್ದ ಆಗುತ್ತದೆ. ನಿಜವಾಗಲೂ. ಐದಾರು ಅಡಿ ಚಾಚಿಕೊಳ್ಳುತ್ತದೆ. 1990ರ ದಶಕದಲ್ಲಿ ವಿಡಿಯೋ ಗೇಮ್ ಆಡಿದವರಿಗೆ 'ಸ್ಟ್ರೀಟ್ ಫೈಟರ್ 2'ರ ಧಾಲ್ಸಿಮ್ ನೆನಪಿರಬೇಕು, ಕೈಕಾಲು ಚಾಚಿ ಹೊಡೆಯುವ ಯೋಗಿ. ಅವನ ಮೂಲಪುರುಷ ಇವನೇ ಅನ್ನುತ್ತಾರೆ. ಈ ಬಣ್ಣ ಬಳಿಯುವ ಚಾಳಿ ಇವತ್ತು ಮುಜುಗರ ತರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಈ ಯೋಗಿಗೆ ಶಿಳ್ಳೆ ಬಿದ್ದಷ್ಟು ಹೀರೋಗೂ ಬಿದ್ದಿಲ್ಲ. "ನಮ್ಮೋನು, ನಮ್ಮೋನು" ಅಂತ ನಮ್ಮ ಮಾವ ಎದ್ದು ನಿಂತಿದ್ದರು.

ಇನ್ನೊಂದು ದೃಶ್ಯ ಹೇಳಿಬಿಡುತ್ತೇನೆ. ಥಾಯ್ ಬಾಕ್ಸರ್ ಬರಿಗಾಲಲ್ಲಿ ಹೊಡೆದಾಡುವವನು. ಒಂಟಿಗೈ ಹೀರೋ ಅವನನ್ನು ಒಂದು ಗುಡಿಸಲಿಗೆ ಕರೆದುಕೊಂಡು ಹೋಗುತ್ತಾನೆ. ಒಳಗೆ ನೆಲ ಕಬ್ಬಿಣದ್ದು. ಶಿಷ್ಯರು ಕೆಳಗಿನಿಂದ ಬೆಂಕಿ ಹಾಕುತ್ತಾರೆ. ಹೀರೋ ಕಾಲಲ್ಲಿ ಪಾದರಕ್ಷೆ ಇದೆ, ಅವನ ಕಾಲಲ್ಲಿ ಇಲ್ಲ. ಕಾದ ಹೆಂಚಿನ ಮೇಲೆ ಅವನು ಕುಣಿಯುವುದನ್ನು ನೋಡುತ್ತಿದ್ದರೆ, ಅಲ್ಲ, ಇಲ್ಲಿ ಒಳ್ಳೆಯವನು ಯಾರು ಅಂತ ಗೊಂದಲ ಆಗುತ್ತದೆ. ಪಿಕ್ಚರಿಗೆ ಗೊಂದಲ ಇಲ್ಲ. ಗೆದ್ದವನು ಹೀರೋ. ಇಂಥ ನಾಚಿಕೆಗೆಟ್ಟ ಧೈರ್ಯ ನನಗೆ ಇಷ್ಟ.

ಕಿವಿಗೂ ಇಲ್ಲಿ ಕೆಲಸ ಇದೆ. ಕಥೆ ನಡೆಯೋದು 18ನೇ ಶತಮಾನದಲ್ಲಿ. ಕುರುಡ ಬರುವಾಗ ಹಿಂದೆ ಗರಗರ ಅನ್ನುವ ಸಂಗೀತ 1970ರ ದಶಕದ ಜರ್ಮನ್ ರಾಕ್ ತಂಡದ್ದು. ಅದೇ ತುಣುಕನ್ನು ಅಮೆರಿಕದ ನಿರ್ದೇಶಕ ಟ್ಯಾರಂಟಿನೊ 2003ರಲ್ಲಿ ತಮ್ಮ 'ಕಿಲ್ ಬಿಲ್'ನಲ್ಲಿ ಬಳಸಿಕೊಂಡರು.

ನನಗೆ ಈ ಪಿಕ್ಚರಿನ ಋಣ ಹಳೆಯದು. ಕಾಲೇಜಿನಲ್ಲಿದ್ದಾಗ ಒಂದು ಸಿಡಿ ಅಂಗಡಿಯಿಂದ ಬಾಡಿಗೆಗೆ ತಂದಿದ್ದೆ. ಎರಡು ಡಿಸ್ಕ್. ಮೊದಲನೆಯದು ಮುಗಿದು ಎರಡನೆಯದು ಹಾಕಿದರೆ ಯಾವುದೋ ದೆವ್ವದ ಪಿಕ್ಚರ್! ವಾಪಸ್ ಕೊಟ್ಟರೆ ಅಂಗಡಿಯವನು "ಅದರದ್ದೂ ಫೈಟಿಂಗೇ ಅಲ್ವಾ ಸಾರ್" ಅಂದ. ಕುರುಡನ ಕಥೆ ಏನಾಯಿತು ಅಂತ ಗೊತ್ತಾಗೋಕೆ ಆರು ವರ್ಷ ಕಾಯಬೇಕಾಯಿತು. ಶವಪೆಟ್ಟಿಗೆ ಮಾಡುವ ಅಂಗಡಿಯೊಳಗೆ ನಡೆಯುವ ಆ ಕೊನೆಯ ಹೊಡೆದಾಟ ಕಾದಿದ್ದಕ್ಕೂ ಸಾರ್ಥಕ. ಬಿದಿರು ಗಳ ಇಟ್ಟುಕೊಂಡು ಆ ಟೋಪಿಗೆ ಏನು ಗತಿ ಕಾಣಿಸುತ್ತಾರೆ ಅನ್ನೋದನ್ನು ನೀವೇ ನೋಡಿ.

ಅಮ್ಮನ ಜೊತೆ ಕೂತರೆ

ಗಲಾಟೆ ಬೇಡ, ನಿಧಾನಕ್ಕೆ ನೋಡೋಣ ಅನ್ನುವವರಿಗೆ 1978ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್'. ಶಾ ಬ್ರದರ್ಸ್ ಕಂಪನಿಯದು, ನಿರ್ದೇಶನ ಲಾವ್ ಕಾರ್-ಲ್ಯುಂಗ್, ಹೀರೋ ಗಾರ್ಡನ್ ಲಿಯು. ಗಿಲೊಟಿನ್‌ಗೂ ಇದಕ್ಕೂ ಅಜಗಜಾಂತರ. ಅಲ್ಲಿ ಸುಳ್ಳು ಅತಿ, ಇಲ್ಲಿ ಶಿಸ್ತು ಅತಿ. ಲಾವ್ ಅವರದು ಬರೀ ಸಿನಿಮಾ ವಿದ್ಯೆ ಅಲ್ಲ. ಅವರ ತಂದೆ ಕಲಿತದ್ದು ಲಾಮ್ ಸೈ-ವಿಂಗ್ ಅವರಲ್ಲಿ, ಅವರು ಹೆಸರಾಂತ ಕುಂಗ್‌ಫು ಗುರು ವಾಂಗ್ ಫೇ-ಹಂಗ್ ಅವರ ಶಿಷ್ಯ. ನಮ್ಮ ಸಂಗೀತಗಾರರು ಗುರುಪರಂಪರೆ ಹೇಳುತ್ತಾರಲ್ಲ, ಹಾಗೆ.

ದಬ್ಬಾಳಿಕೆಯಿಂದ ತಪ್ಪಿಸಿಕೊಂಡ ಹುಡುಗನೊಬ್ಬ ಶಾವೊಲಿನ್ ಮಠಕ್ಕೆ ಬರುತ್ತಾನೆ. ಅಲ್ಲಿ ಕಲಿಕೆಗೆ 35 ಕೋಣೆಗಳು. ಇವನು ಜಂಬದಲ್ಲಿ ಎಲ್ಲಕ್ಕಿಂತ ಮೇಲಿನ ಕೋಣೆಗೇ ಮೊದಲು ನುಗ್ಗುತ್ತಾನೆ, ಅಲ್ಲಿಂದ ಹೊರಗೆ ಬೀಳುತ್ತಾನೆ. ಆಮೇಲೆ ಕೆಳಗಿನಿಂದ ಶುರು. ಊಟದ ಮನೆಗೆ ಹೋಗುವ ದಾರಿಯಲ್ಲಿ ನೀರಿದೆ, ನೀರಲ್ಲಿ ಒಂದು ಮರದ ದಿಮ್ಮಿಗಳ ಕಟ್ಟು ತೇಲುತ್ತಿದೆ. ಅದರ ಮೇಲೆ ಕಾಲಿಟ್ಟು ಹಾರಿ ದಾಟಬೇಕು. ಹಳೇ ಭಿಕ್ಷುಗಳು ಚಂಗನೆ ದಾಟಿ ಹೋಗುತ್ತಾರೆ. ಇವನು ದೊಪ್ಪಂತ ಬೀಳುತ್ತಾನೆ. ಒದ್ದೆ ಬಟ್ಟೆಯವರಿಗೆ ಊಟ ಇಲ್ಲ. ಮರುದಿನ ಮತ್ತೆ ದೊಪ್. ನಮ್ಮ ಅಮ್ಮ ಅಷ್ಟು ಹೊತ್ತು ಅವರೆಕಾಯಿ ಸುಲಿಯುತ್ತ ಸುಮ್ನೆ ಕೂತಿದ್ದವರು, "ಅಯ್ಯೋ, ಆ ಹುಡುಗನಿಗೆ ಒಂದು ತುತ್ತು ಹಾಕಬಾರದಾ?" ಅಂದರು. ಅಲ್ಲಿಂದ ಸುಲಿಯೋದು ನಿಂತಿತು.

ಮುಂದಿನ ಕೋಣೆಗಳೂ ಹೀಗೇ. ಎರಡೂ ಕೈ ಅಗಲಿಸಿ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ತಲೆ ಅಲುಗಿಸದೆ ಕಣ್ಣು ಮಾತ್ರ ಹೊರಳಿಸಿ ಉಯ್ಯಾಲೆ ಆಡುವ ದೀಪವನ್ನು ನೋಡಬೇಕು, ಮುಖದ ಎರಡೂ ಕಡೆ ಉರಿಯುವ ದೊಡ್ಡ ಊದುಬತ್ತಿ. ನೇತುಹಾಕಿದ ಮರಳ ಚೀಲಗಳಿಗೆ ತಲೆಯಿಂದ ಗುದ್ದುತ್ತ ಹೋಗಬೇಕು. ಸುಮಾರು ಎರಡು ಗಂಟೆಯ ಪಿಕ್ಚರಿನಲ್ಲಿ ಅರ್ಧಕ್ಕರ್ಧ ಬರೀ ಅಭ್ಯಾಸ. ಕೇಳೋಕೆ ಬೋರು, ನೋಡೋಕೆ ಅಲ್ಲ. ಒಂದೊಂದು ಕೋಣೆಯೂ ಒಂದು ಸಣ್ಣ ಒಗಟು. ಇವನು ಹೇಗೆ ಬಿಡಿಸುತ್ತಾನೆ ಅಂತ ನಾವೂ ತಲೆ ಕೆಡಿಸಿಕೊಳ್ಳುತ್ತೇವೆ. ದಿನಾ ಜಾರಿ ಬೀಳುತ್ತಿದ್ದ ಆ ದಿಮ್ಮಿಗಳನ್ನು ಇವನು ಕೊನೆಗೆ ಮುಟ್ಟಿಯೂ ಮುಟ್ಟದ ಹಾಗೆ ದಾಟಿದಾಗ ಅಮ್ಮ ಚಪ್ಪಾಳೆ ಹೊಡೆದರು. ಒಂಟಿಗೈಯವನಿಗೆ ಅವರು ಯಾವತ್ತೂ ಚಪ್ಪಾಳೆ ಹೊಡೆದಿಲ್ಲ.

ದೋಷ ಹೇಳಬೇಕೆಂದರೆ, ಮಠ ಬಿಟ್ಟು ಹೊರಗೆ ಬಂದಮೇಲೆ ಕಥೆ ಅವಸರ ಮಾಡುತ್ತದೆ. ಸೇಡು, ಶಿಷ್ಯರ ಆಯ್ಕೆ, ಎಲ್ಲ ಗಡಿಬಿಡಿ. ನಾನು ಆ ಹೊತ್ತಿಗೆ ಕಾಫಿ ಮಾಡೋಕೆ ಏಳುತ್ತೇನೆ.

ಮಕ್ಕಳಿದ್ದರೆ

ಮಕ್ಕಳನ್ನು ಕೂರಿಸಿಕೊಂಡು ನೋಡೋಕೆ ಎಲ್ಲರೂ ಹೇಳೋದು 1978ರದ್ದೇ 'ಡ್ರಂಕನ್ ಮಾಸ್ಟರ್'. ಏನು ವರ್ಷವೋ ಅದು! ನಮ್ಮಲ್ಲಿ ಶಂಕರ್‌ನಾಗ್ ಕತ್ತಿ ಹಿಡಿದ 'ಒಂದಾನೊಂದು ಕಾಲದಲ್ಲಿ' ಬಂದದ್ದೂ ಅದೇ ವರ್ಷ. ಅದರ ಗಂಭೀರ ಮುಖಕ್ಕೂ ಜಾಕಿ ಚಾನ್‌ನ ಹಲ್ಲುಕಿರಿತಕ್ಕೂ ಸಂಬಂಧ ಇಲ್ಲ ಬಿಡಿ.

ಜಾಕಿ ಇಲ್ಲಿ ವಾಂಗ್ ಫೇ-ಹಂಗ್. ಮೇಲೆ ಹೇಳಿದೆನಲ್ಲ, ಅದೇ ದೊಡ್ಡ ಗುರು. ಅದಕ್ಕೆ ಮುಂಚೆ ಹಾಂಗ್‌ಕಾಂಗ್ ಪಿಕ್ಚರ್‌ಗಳಲ್ಲಿ ಅವರು ಅಂದರೆ ಗಂಭೀರ ಹಿರಿಯರು, ಗುರು ಅಂದರೆ ಹೀಗಿರಬೇಕು ಅನ್ನೋ ಥರ. ನಿರ್ದೇಶಕ ಯುಯೆನ್ ವೂ-ಪಿಂಗ್ ಆ ಗುರುವನ್ನು ಹುಡುಗಾಟದ ಪೋಲಿ ಮಾಡಿಟ್ಟರು. ತಿಂದು ದುಡ್ಡು ಕೊಡದೆ ಓಡುವ ಹುಡುಗ. ಅವನನ್ನು ದಾರಿಗೆ ತರುವ ಕುಡುಕ ಮುದುಕನ ಪಾತ್ರದಲ್ಲಿ ನಿರ್ದೇಶಕರ ಸ್ವಂತ ಅಪ್ಪ ಯುಯೆನ್ ಸಿಯು-ಟಿಯೆನ್. ಕೆಂಪು ಮೂಗು, ಬಿಳಿ ಜಡೆಗಟ್ಟಿದ ಕೂದಲು, ಕೈಯಲ್ಲಿ ಸೋರೆಬುರುಡೆ. ಆಗ ಅವರು 60 ದಾಟಿದ್ದರು.

ಅಭ್ಯಾಸದ ದೃಶ್ಯ ಇಲ್ಲೂ ಇವೆ, ಆದರೆ ತಮಾಷೆಗೆ. ಹುಡುಗನನ್ನು ತಲೆಕೆಳಗಾಗಿ ನೇತುಹಾಕಿದ್ದಾರೆ. ಕೆಳಗೆ ನೀರಿನ ತೊಟ್ಟಿ, ಮೇಲೆ ಇನ್ನೊಂದು. ಪುಟ್ಟ ಟೀ ಬಟ್ಟಲಲ್ಲಿ ಕೆಳಗಿನ ನೀರು ತುಂಬಿಕೊಂಡು, ಹೊಟ್ಟೆ ಮಡಚಿ ಮೇಲೆದ್ದು, ಮೇಲಿನದಕ್ಕೆ ಸುರಿಯಬೇಕು. ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಅವನು ಮರುದಿನ ಮಂಚದ ತುದಿಯಿಂದ ಜೋತುಬಿದ್ದು ಸ್ಟೀಲ್ ಲೋಟದಲ್ಲಿ ಪ್ರಯತ್ನ ಮಾಡಿ, ಹಾಸಿಗೆ ಎಲ್ಲ ತೋಯಿಸಿ, ಅಕ್ಕನಿಂದ ನನಗೆ ಬೈಗುಳ ತಿನ್ನಿಸಿದ. ಕುಡಿದಷ್ಟೂ ಚೆನ್ನಾಗಿ ಹೊಡೆಯಬಹುದು ಅನ್ನೋ ಪಾಠ ಮಕ್ಕಳಿಗೆ ಬೇಕಾ ಅನ್ನೋ ಪ್ರಶ್ನೆ ಅಕ್ಕನದು. ನನ್ನ ಹತ್ತಿರ ಉತ್ತರ ಇಲ್ಲ. ಅಂಥ ಚಿಂತೆ ಇದ್ದರೆ 36ನೇ ಕೋಣೆಗೇ ಹೋಗಿ.

ಕುಡುಕ ವರಸೆಯಲ್ಲಿ ಎಂಟು ದೇವತೆಗಳ ಎಂಟು ಪಟ್ಟು. ಎಂಟನೆಯದು ಹೆಣ್ಣು ದೇವತೆಯದು. ನಾನು ಗಂಡಸು, ಇದೆಲ್ಲ ಯಾಕೆ ಅಂತ ಹುಡುಗ ಕಲಿಯುವುದಿಲ್ಲ. ಕೊನೆಯ ಹೊಡೆದಾಟದಲ್ಲಿ ಬೇಕಾಗೋದೂ ಅದೇ. ಎದುರಿಗೆ ಕೊರಿಯಾದ ಹ್ವಾಂಗ್ ಜಾಂಗ್-ಲೀ, ಕಾಲಲ್ಲೇ ಮಾತಾಡುವ ಮನುಷ್ಯ. ಆ ಹತ್ತು ನಿಮಿಷಕ್ಕೆ ನಗುವೂ ಬರುತ್ತದೆ, ಬಾಯಿಯೂ ಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೊಡುವುದು ಸುಲಭ ಅಲ್ಲ.

ಉಳಿದವು, ಬೇಗ ಬೇಗ

'ಫೈವ್ ಡೆಡ್ಲಿ ವೆನಮ್ಸ್' ಕೂಡ 1978. ಚಾಂಗ್ ಚೆ ನಿರ್ದೇಶನ. ಜರಿಹುಳ, ಹಾವು, ಚೇಳು, ಹಲ್ಲಿ, ಕಪ್ಪೆ, ಹೀಗೆ ಐದು ವರಸೆಯ ಐದು ಜನ. ಯಾರು ಯಾರು ಅಂತ ಒಬ್ಬರಿಗೊಬ್ಬರಿಗೆ ಪೂರ್ತಿ ಗೊತ್ತಿಲ್ಲ. ಸಾಯುವ ಗುರು ಕೊನೆಯ ಶಿಷ್ಯನನ್ನು ಪತ್ತೆಗೆ ಕಳಿಸುತ್ತಾನೆ. ಹೆಸರು ಕೇಳಿ ಬರೀ ಹೊಡೆದಾಟ ಅಂದುಕೊಂಡು ಕೂತವರಿಗೆ ನಿರಾಸೆ ಖಂಡಿತ. ಇದು ಪತ್ತೇದಾರಿ ಕಥೆ. ಹಲ್ಲಿಯವನು ಗೋಡೆ ಮೇಲೆ ನಿಲ್ಲೋದು, ಕಪ್ಪೆಯವನ ಮೈಗೆ ಕತ್ತಿ ನಾಟದಿರೋದು ಸೊಗಸು. ಹಿಂಸೆಯ ದೃಶ್ಯಗಳು ಸೊಗಸಲ್ಲ. ಒಬ್ಬರೇ ರಾತ್ರಿ ಕೂತು ನೋಡೋಕೆ ಸರಿ, ಗುಂಪಿಗೆ ಬೇಡ.

1972ರ 'ಕಿಂಗ್ ಬಾಕ್ಸರ್' ಸಣ್ಣ ರುಚಿಗೆ ಚೆನ್ನಾಗಿದೆ. ಹೀರೋ ಲೋ ಲಿಯೆ ಸಿಟ್ಟಾದರೆ ಅಂಗೈ ಕೆಂಡದ ಹಾಗೆ ಕೆಂಪಾಗುತ್ತದೆ, ಹಿಂದೆ ಸೈರನ್ ಥರ ಸಂಗೀತ. ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್' ಬರುವ ಮುಂಚೆಯೇ ಅಮೆರಿಕಕ್ಕೆ ಕುಂಗ್‌ಫು ಜ್ವರ ಹತ್ತಿಸಿದ್ದು ಇದು.

ರಕ್ತ ಕಂಡರೆ ಹೆದರದವರಿಗೆ 1982ರ 'ಫೈವ್ ಎಲಿಮೆಂಟ್ ನಿಂಜಾಸ್'. ಚಿನ್ನ, ಮರ, ನೀರು, ಬೆಂಕಿ, ಮಣ್ಣು ಅಂತ ಐದು ಥರದ ನಿಂಜಾಗಳು. ಮರದವರು ಮರದ ವೇಷ ಹಾಕಿಕೊಂಡು ನಿಂತಿರುತ್ತಾರೆ, ಶಾಲಾ ವಾರ್ಷಿಕೋತ್ಸವದ ಹಾಗೆ! ಆಮೇಲೆ ನಡೆಯೋದು ಶಾಲೆಯಲ್ಲಿ ನಡೆಯೋದಲ್ಲ. 1991ರ 'ರಿಕಿ-ಓ' ಇನ್ನೂ ಒಂದು ಹೆಜ್ಜೆ ಮುಂದೆ. ಜಪಾನೀ ಕಾಮಿಕ್ಸ್ ಆಧಾರ, ಜೈಲಿನ ಕಥೆ, ಹಾಂಗ್‌ಕಾಂಗ್‌ನಲ್ಲಿ ದೊಡ್ಡವರಿಗೆ ಮಾತ್ರ ಅನ್ನೋ ಚೀಟಿ ಅಂಟಿಸಿಕೊಂಡು ಬಂದದ್ದು. ಒಬ್ಬ ತನ್ನದೇ ಕರುಳನ್ನು ಹಗ್ಗ ಮಾಡಿ ಹೀರೋ ಕುತ್ತಿಗೆಗೆ ಬಿಗಿಯುತ್ತಾನೆ. ಇಷ್ಟು ಸಾಕು. ಊಟಕ್ಕೆ ಮುಂಚೆ ಬೇಡ, ಊಟ ಆದಮೇಲೂ ಬೇಡ.

ಯಾವ ಭಾಷೆಯಲ್ಲಿ?

ಇದಕ್ಕೆ ಜಗಳ ಆಗೋದು ನೋಡಿದ್ದೇನೆ. "ಮೂಲ ಭಾಷೆಯಲ್ಲೇ ನೋಡಬೇಕು" ಅನ್ನುವವರು ಒಂದು ವಿಷಯ ತಿಳಿದಿರಬೇಕು. ಶಾ ಬ್ರದರ್ಸ್‌ನವರು ಚಿತ್ರೀಕರಣದ ಹೊತ್ತಿಗೆ ದನಿ ಹಿಡಿಯುತ್ತಲೇ ಇರಲಿಲ್ಲ. ಮಾತು, ಏಟು, ಗಾಳಿಯ ಸುಯ್ ಸುಯ್ ಎಲ್ಲ ಆಮೇಲೆ ಸೇರಿಸಿದ್ದು. ಎಷ್ಟೋ ಸಲ ಮ್ಯಾಂಡರಿನ್ ಚೀನೀ ಮಾತೂ ನಟರ ಸ್ವಂತ ದನಿಯಲ್ಲ. ಹಾಗಾಗಿ ಇಂಗ್ಲಿಷ್ ಡಬ್ಬಿಂಗ್ ನೋಡಿದರೆ ಪಾಪ ಏನೂ ಬರುವುದಿಲ್ಲ. ಗಿಲೊಟಿನ್‌ಗೆ ಡಬ್ಬಿಂಗೇ ಚಂದ, ತುಟಿ ಒಂದು ಕಡೆ, ಮಾತು ಒಂದು ಕಡೆ. 36ನೇ ಕೋಣೆಗೆ ಮ್ಯಾಂಡರಿನ್ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಡ್ರಂಕನ್ ಮಾಸ್ಟರ್‌ಗೆ ಹಾಂಗ್‌ಕಾಂಗ್‌ನ ಆಡುಮಾತು ಕ್ಯಾಂಟನೀಸ್ ಸಿಕ್ಕರೆ ಬಿಡಬೇಡಿ. ಆ ಭಾಷೆ ಬರದಿದ್ದರೂ ಬೈಗುಳದ ಲಯ ಗೊತ್ತಾಗುತ್ತದೆ.

ಭಾಷೆಗಿಂತ ಮುಖ್ಯ ಪರದೆಯ ಅಗಲ. ಇವುಗಳಲ್ಲಿ ಹೆಚ್ಚಿನವನ್ನು ತುಂಬ ಅಗಲದ ಪರದೆಗೆ ತೆಗೆದದ್ದು. ಹಳೇ ಟೀವಿಗೆ ಹೊಂದಿಸೋಕೆ ಎರಡೂ ಪಕ್ಕ ಕತ್ತರಿಸಿದ ಪ್ರತಿಗಳು ಈಗಲೂ ಇಂಟರ್ನೆಟ್‌ನಲ್ಲಿ ಓಡಾಡುತ್ತಿವೆ. ಅದರಲ್ಲಿ ಒದ್ದವನು ಕಾಣುತ್ತಾನೆ, ಒದೆ ತಿಂದವನು ಕಾಣುವುದಿಲ್ಲ. ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅದೇ ಒಳ್ಳೆಯ ಪ್ರತಿ. ಶಾ ಬ್ರದರ್ಸ್ ಪಿಕ್ಚರ್‌ಗಳನ್ನು ಸೆಲೆಸ್ಟಿಯಲ್ ಅನ್ನೋ ಕಂಪನಿ 2000ದ ನಂತರ ತೊಳೆದು ಬೆಳಗಿ ಹೊರಗೆ ತಂದಿದೆ. ಬಣ್ಣ ಕಣ್ಣಿಗೆ ಹೊಡೆಯುತ್ತದೆ.

ಹುಡುಕುವಾಗ ಹೆಸರಿನ ಗೊಂದಲ ಇದ್ದದ್ದೇ. 36ನೇ ಕೋಣೆ ಅಮೆರಿಕದಲ್ಲಿ 'ಮಾಸ್ಟರ್ ಕಿಲ್ಲರ್' ಆಗಿತ್ತು. ಕಿಂಗ್ ಬಾಕ್ಸರ್ 'ಫೈವ್ ಫಿಂಗರ್ಸ್ ಆಫ್ ಡೆತ್' ಆಗಿತ್ತು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಗಿಲೊಟಿನ್ ವಿಷಯದಲ್ಲಿ. ಬರೀ 'ದಿ ಫ್ಲೈಯಿಂಗ್ ಗಿಲೊಟಿನ್' ಅಂತ 1975ರ ಬೇರೆ ಪಿಕ್ಚರ್ ಇದೆ, ಶಾ ಬ್ರದರ್ಸ್‌ನದು. ಟೋಪಿ ಅದೇ, ಚಕ್ರವರ್ತಿ ಅವನೇ, ಮೈ ನಡುಗಿಸುವ ಗಂಭೀರ ಕಥೆ. ಕೆಟ್ಟದ್ದೇನಲ್ಲ. ಆದರೆ ಅರ್ಧ ಗಂಟೆ ಆದಮೇಲೆ ನಮ್ಮ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಲೋ, ನಮ್ಮ ಯೋಗಿ ಯಾವಾಗ ಬರ್ತಾನೆ?"